ಕೆರೆಯ ಮೇಲಿನ ಹಸಿರು

‘ಕುಡೀಬೇಕೋ ಬ್ಯಾಡೋ, ಅಷ್ಟು ಹೇಳ್ರಿ ಸಾಕು.’

ಗಾದಿಗನೂರಿನ ಗೌಡ ಜಡೆಪ್ಪ ಮತ್ತೆ ಕೇಳಿದ. ಕೆರೆಯ ದಡದಲ್ಲಿ ಕೂತಿದ್ದ ಪುರಂದರ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ.

‘ನೋಡ್ತಾ ಇದ್ದೀನಿ.’

ನೋಡುವುದೆಲ್ಲ ಯಾವಾಗಲೋ ಮುಗಿದಿತ್ತು. ಕೆರೆಯ ತುಂಬ ಬಣ್ಣ ಕಲಸಿದ ಹಾಗೆ ಕಟ್ಟಿದ್ದ ಈ ಪಾಚಿ ದನ ಕೊಲ್ಲುವ ಜಾತಿಯದು. ಅದೇ ಊರಿನ ಹುಲುಗಮ್ಮನ ಎಮ್ಮೆ ಮೊನ್ನೆ ಇಲ್ಲಿ ನೀರು ಕುಡಿದು, ದಡ ಹತ್ತುವಷ್ಟರಲ್ಲಿ ಕಾಲು ಮಡಚಿ ಬಿದ್ದು ಸತ್ತಿತ್ತು. ಬೇರೆ ಕಾರಣ ಹುಡುಕಬೇಕಾಗಿರಲಿಲ್ಲ.

ಆದರೆ ಗಾಜಿನ ಕೆಳಗಿನ ಎಳೆಗಳು ಯಾವ ಪುಸ್ತಕದಲ್ಲೂ ಇಲ್ಲದ ರೀತಿಯಲ್ಲಿ ಸುರುಳಿ ಸುತ್ತಿದ್ದವು. ಬೀಜಕಣ ಇನ್ನೂ ಕಟ್ಟಿರಲಿಲ್ಲ. ಅದು ಕಟ್ಟಿದರೆ ಮಾತ್ರ ಇದು ಹೊಸದು, ತನ್ನದು ಎಂದು ಸಾಧಿಸಬಹುದು. ಒಂದು ವಾರ ಕೆರೆ ಹೀಗೇ ಇದ್ದರೆ ಸಾಕು. ವಿಷ ಎಂದು ಬಾಯಿ ಬಿಟ್ಟರೆ ನಾಳೆಯೇ ತಾಲೂಕು ಕಚೇರಿಯವರು ಮೈಲುತುತ್ತದ ಮೂಟೆ ತಂದು ಸುರಿದುಬಿಡುತ್ತಾರೆ. ಪಾಚಿ ಉಳಿಯುವುದಿಲ್ಲ.

ಮದರಾಸಿನ ಕಾಲೇಜಿನಲ್ಲಿ ಇಷ್ಟು ವರ್ಷ ಅವನು ಯಾರು ಯಾರೋ ಹೆಸರಿಟ್ಟ ಗಿಡಗಳನ್ನು ಹುಡುಗರಿಗೆ ತೋರಿಸಿಕೊಂಡೇ ಬಂದಿದ್ದ. ತನ್ನ ಹೆಸರು ಹೊತ್ತು ಒಂದು ಪಾಚಿಯಾದರೂ ಬದುಕಲಿ ಎಂಬ ಆಸೆ. ಆಸೆಪಡುವುದಕ್ಕೆ ಎಂಥ ವಸ್ತು ಸಿಕ್ಕಿತು ನೋಡಿ! ಅವನಿಗೇ ನಗು ಬಂತು.

ರಜೆಗೆಂದು ಹೊಸಪೇಟೆಯ ಅಕ್ಕನ ಮನೆಗೆ ಬಂದವನನ್ನು, ನೀರಿನ ವಿದ್ಯೆ ಬಲ್ಲವರು ಎಂದು ಜಡೆಪ್ಪ ಗಾಡಿ ಕಟ್ಟಿಸಿ ಕರೆತಂದಿದ್ದ. ಊರ ಬಾವಿಯ ನೀರು ಸವಳು, ಬರೀ ಉಪ್ಪು. ಕೆರೆಯೇ ಗತಿ. ಏರಿಯ ಮೇಲೆ ಹೆಂಗಸರು ಬೆಳಗಿನಿಂದ ಖಾಲಿ ಕೊಡ ಇಟ್ಟುಕೊಂಡು ಕೂತಿದ್ದರು.

‘ಒಂದು ವಾರ ಕಳೀಲಿ, ಹೇಳ್ತೀನಿ.’

‘ಅಲ್ಲೀತನಕ ಬಾಯಿ ಹೊಲ್ಕೊಂಡು ಕುಂದ್ರಬೇಕೇನ್ರಿ? ಕುಡೀಬೌದು ಅಂತೀರಿ?’

‘ಹಾಗೆ ಅಂದೆನೇ?’

‘ಬ್ಯಾಡ ಅಂತೀರಿ?’

‘ಹಾಗೂ ಅನ್ನಲಿಲ್ಲ.’

ಜಡೆಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಅಷ್ಟರಲ್ಲಿ ಹುಲುಗಮ್ಮ ಕೂಸನ್ನು ಸೊಂಟಕ್ಕೇರಿಸಿಕೊಂಡು, ಖಾಲಿ ಕೊಡ ಹಿಡಿದು ಏರಿ ಇಳಿದು ಬಂದಳು.

‘ಸ್ವಾಮೇರ, ನೀವೊಂದು ಗುಟುಕು ಕುಡೀರಿ. ಆಮ್ಯಾಗ ನಾವು ತುಂಬ್ಕೋತೀವಿ.’

‘ಏ ಹುಚ್ಚಿ,’ ಜಡೆಪ್ಪ ಗದರಿದ. ‘ಆಚಾರ್ರ ಮನಿತನ ಅದು. ನಿನ್ನ ಕೊಡದ ನೀರು ಕುಡೀತಾರೇನು?’

ಪುರಂದರನಿಗೆ ಹೋದ ಜೀವ ಬಂದಂತಾಯಿತು. ಮದರಾಸಿನ ಹೋಟೆಲುಗಳಲ್ಲಿ ಯಾರ ಕೈಯ ಕಾಫಿ ಆದರೂ ಕುಡಿಯುವವನಿಗೆ ಅಜ್ಜನ ಮಡಿ ಇಂದು ಮೊದಲ ಸಲ ಉಪಯೋಗಕ್ಕೆ ಬಂದಿತ್ತು.

‘ಹೌದು,’ ಎಂದ. ‘ನಮ್ಮಲ್ಲಿ ಹಾಗೇ.’

‘ನನ್ನ ಕೊಡ ಯಾಕ್ರಿ? ಕೆರಿಗೆ ಎಲ್ಲೀ ಮೈಲಿಗಿ? ನಿಮ್ಮ ಬೊಗಸಿಲೇ ಕುಡೀರಿ.’

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಎಮ್ಮೆ ಕಳೆದುಕೊಂಡವಳು ಇನ್ನೂ ಅವನನ್ನು ನಂಬಲು ಸಿದ್ಧಳಾಗಿದ್ದಳು. ಅದನ್ನು ಮಾತ್ರ ಅವನಿಗೆ ತಾಳಲಾಗಲಿಲ್ಲ. ‘ಬೇಡಮ್ಮ’ ಎಂದರೆ ಮುಗಿಯಿತು. ಒಂದು ವಾರ, ಬರೀ ಒಂದು ವಾರ ಎಂದುಕೊಂಡ.

ಒಂದು ಗುಟುಕಿಗೆ ಮನುಷ್ಯ ಸಾಯುವುದಿಲ್ಲ ಎಂದು ಅವನ ಓದು ಧೈರ್ಯ ಹೇಳಿತು. ಪುರಂದರ ಬಗ್ಗಿದ. ಕೆನೆಯನ್ನು ಕೈಯಿಂದ ಆಚೆ ಸರಿಸಿ, ಬೊಗಸೆ ತುಂಬಿ, ಎಲ್ಲರಿಗೂ ಕಾಣುವಂತೆ ಕುಡಿದ. ಹಸಿ ಹುಲ್ಲಿನ ವಾಸನೆ ಇತ್ತು.

‘ಸ್ವಾಮೇರು ಕುಡಿದ್ರು! ಬರ್ರೇ, ಜಲ್ದಿ ಬರ್ರೇ!’ ಹುಲುಗಮ್ಮ ಕೂಗಿದಳು.

ಏರಿಯ ಮೇಲಿನ ಹೆಂಗಸರೆಲ್ಲ ಸೀರೆ ಎತ್ತಿ ಕಟ್ಟಿಕೊಂಡು, ನಗುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ನೀರಿಗೆ ಇಳಿದರು. ನಿಲ್ಲಿ ಎಂದು ತಾನು ಕೂಗಿದೆ ಎಂದೇ ಅವನು ತಿಳಿದ. ಯಾರೂ ತಿರುಗಿ ನೋಡಲಿಲ್ಲ.

ಎಲ್ಲರಿಗಿಂತ ಮುಂದೆ ಹುಲುಗಮ್ಮ. ಕೊಡದ ತಳದಿಂದ ಹಸಿರನ್ನು ಅತ್ತಿತ್ತ ಸರಿಸಿ ನೀರು ತುಂಬಿಕೊಂಡಳು. ತಾನು ಕುಡಿಯುವ ಮುಂಚೆ ಸೊಂಟದ ಮೇಲಿನ ಕೂಸಿನ ಬಾಯಿಗೆ ಅಂಗೈ ಹಿಡಿದಳು. ಕೂಸು ಚಪ್ಪರಿಸಿತು.

ಅವಳು ಕೊಡ ಎತ್ತಿದ ಜಾಗಕ್ಕೆ ಎರಡೂ ಕಡೆಯಿಂದ ಹಸಿರು ಮೆಲ್ಲಗೆ ಬಂದು ಕೂಡಿಕೊಂಡಿತು.