ಮೂರು ಚಪ್ಪಾಳೆ

ಸಿಂದಗಿಯಿಂದ ಹೊರಟ ಬಸ್ಸು ಯಂಕಂಚಿ ದಾಟಿದ ಮೇಲೆ ನನ್ನನ್ನು ಒಂದು ಜಾಲಿಗಿಡದ ಹತ್ತಿರ ಇಳಿಸುತ್ತದೆ. ಅಲ್ಲಿಂದ ಒಳಗೆ ಐದು ಕಿಲೋಮೀಟರಿಗೆ ನನ್ನ ಶಾಲೆ. ಎರಡು ವರ್ಷ ಆ ದಾರಿಯನ್ನು ನಾನು ಫಕೀರಸಾಬರ ಟಂಟಂನಲ್ಲೇ ಹೋಗಿಬಂದಿದ್ದೇನೆ. ಮೂರು ಗಾಲಿಯ ಗಾಡಿ, ಎಂಟು ಜನ ಕೂಡಬೇಕಾದಲ್ಲಿ ಹದಿನಾಲ್ಕು ಜನ. ಮುದುಕಿಯೊಬ್ಬಳನ್ನು ಎಬ್ಬಿಸಿಯಾದರೂ ಅವರು ನನಗೆ ತಮ್ಮ ಬೆನ್ನ ಹಿಂದಿನ ಸೀಟು ಕೊಡಿಸುತ್ತಿದ್ದರು. ಅಲ್ಲಿ ಕೂತರೆ ಮುಂದಿನ ಸಣ್ಣ ಕನ್ನಡಿಯಲ್ಲಿ ಅವರ ಕಣ್ಣು ಕಾಣುತ್ತಿದ್ದವು. ಅವರಿಗೂ ನನ್ನವು ಕಾಣುತ್ತಿದ್ದಿರಬೇಕು.

ಅವರ ಮಗಳು ಸಾಬೀರಾ ನನ್ನ ಏಳನೇ ತರಗತಿಯಲ್ಲಿದ್ದಳು. ತಾಯಿ ಹಾಸಿಗೆ ಹಿಡಿದಾಗ ತಮ್ಮಂದಿರನ್ನು ನೋಡಿಕೊಳ್ಳಲು ಎರಡು ವರ್ಷ ಶಾಲೆ ಬಿಟ್ಟು, ಮತ್ತೆ ಬಂದವಳು. ಹೀಗಾಗಿ ಉಳಿದವರಿಗಿಂತ ಒಂದು ಗೇಣು ಎತ್ತರ. ಹಾಜರಿ ಕರೆದರೆ ಬಾಯಿ ತೆರೆಯುತ್ತಿರಲಿಲ್ಲ, ಕೈ ಎತ್ತುತ್ತಿದ್ದಳು, ಅದೂ ಭುಜದ ತನಕ.

"ಏಳನೇತ್ತಾ ನಮ್ಮೂರಾಗ ಮುಗೀತೈತ್ರಿ," ಎಂದು ಫಕೀರಸಾಬರು ಜೂನ್ ತಿಂಗಳಲ್ಲೇ ಹೇಳಿದ್ದರು. "ಎಂಟನೇತ್ತಾಕ ಸಿಂದಗಿಗೇ ಹೋಗಬೇಕು. ಬಸ್ಸಿನ್ಯಾಗ ಒಬ್ಬಾಕಿನ. ಯಾರರ ಏನರ ಅಂದ್ರ ತಿರುಗಿ ಅನ್ನಾಕ ಬರಬೇಕಲ್ರಿ. ಈಕಿ ನೋಡಿದ್ರ ಕಲ್ಲು. ನೀವು ಆಕಿ ಬಾಯಿ ಬಿಡಸ್ರಿ ಟೀಚರ್, ನಾ ಸಾಲಿ ಬಿಡಸಂಗಿಲ್ಲ."

"ನೋಡೋಣ್ರಿ," ಎಂದಿದ್ದೆ. ಹೌದು ಎನ್ನಲು ನನಗೆ ಧೈರ್ಯ ಸಾಲುವುದಿಲ್ಲ.

ಆ ಜೂನಿನಲ್ಲಿ ಏಳನೇ ತರಗತಿ ನನ್ನ ಕೈಗೆ ಬರುವ ಮೊದಲು ಅಲ್ಲಿ ಒಂದು ಪದ್ಧತಿ ಇತ್ತು. ಬೋರ್ಡಿನ ಮೇಲೆ ತಪ್ಪು ಬರೆದವರು ಆ ಪಾಠ ಮುಗಿಯುವ ತನಕ ಬೋರ್ಡಿಗೆ ಮೂಗು ಹಚ್ಚಿ ನಿಲ್ಲಬೇಕು. ಮೊದಲ ವಾರ ನಾನು ಸಂಗಮೇಶನನ್ನು ಕರೆದಾಗ ಅವನು ಸುಣ್ಣದ ಕಡ್ಡಿ ಇಸಿದುಕೊಂಡು, "ಟೀಚರ್ರಿ, ಒಂದಕ್ಕ ಹೋಗಿ ಬರ್ತೇನಿ," ಎಂದು ಹೋದವನು ಊಟದ ಗಂಟೆಗೆ ಬಂದ. ಕಡ್ಡಿ ಇನ್ನೂ ಅವನ ಮುಷ್ಟಿಯಲ್ಲೇ ಇತ್ತು, ಬೆವರಿಗೆ ಮೆತ್ತಗಾಗಿತ್ತು. ನಾನು ಕೇಳಿದ್ದನ್ನು ಅವನು ಯೋಚಿಸಿರಲೇ ಇಲ್ಲ. ಮೂಗನ್ನಷ್ಟೇ ಯೋಚಿಸಿದ್ದ.

ಮರುದಿನ ನಾನು ಹೊಸ ಪದ್ಧತಿ ಹಾಕಿದೆ. ಬೋರ್ಡಿನ ಮೇಲೆ ತಪ್ಪು ಮಾಡಿದವರಿಗೆ ಮೂರು ಚಪ್ಪಾಳೆ. ಆಮೇಲೆ ತಪ್ಪು ಮಾಡಿದವರೇ ಗುಲಾಬಿ ಸುಣ್ಣದ ಕಡ್ಡಿಯಿಂದ, ಎಲ್ಲಿ ದಾರಿ ತಪ್ಪಿತೋ ಆ ಜಾಗಕ್ಕೆ ಸುತ್ತು ಹಾಕಬೇಕು. ಗೊತ್ತಾಗದಿದ್ದರೆ ಎಲ್ಲರೂ ಸೇರಿ ಹುಡುಕುವುದು. ಉತ್ತರ ಸರಿ ಬಂದವರಿಗೆ ಚಪ್ಪಾಳೆ ಇಲ್ಲ. ಅವರಿಗೆ ಉತ್ತರ ಸಿಕ್ಕಿದೆಯಲ್ಲ.

"ಹಂಗಾರ ನಾ ದಿನಾ ತಪ್ಪ ಮಾಡ್ತೇನ್ರಿ," ಎಂದ ಸಂಗಮೇಶ.

"ನೀ ಬ್ಯಾರೆ ಏನರ ಮಾಡೀ ಏನು ಇಷ್ಟ ದಿನ?" ಎಂದಳು ಜಯಮಾಲಾ. ಆ ತರಗತಿ ಒಟ್ಟಿಗೆ ನಕ್ಕಿದ್ದನ್ನು ನಾನು ಮೊದಲ ಸಲ ಕೇಳಿದ್ದು ಅಂದು.

ಸಾಬೀರಾ ಎದ್ದು ಬಂದದ್ದು ಸೆಪ್ಟೆಂಬರಿನಲ್ಲಿ. ನಾನು ಕರೆದಿರಲಿಲ್ಲ. ಅವಳು ತಾನಾಗಿ ಬಂದು ಒಂದು ಗುಣಾಕಾರ ತಪ್ಪಾಗಿ ಬರೆದು, ಚಪ್ಪಾಳೆ ಬೀಳುವ ತನಕ ಕಣ್ಣು ಮುಚ್ಚಿ ನಿಂತಳು. ಬಿದ್ದ ಮೇಲೆ ತೆರೆದಳು. ಅಕ್ಟೋಬರಿಗೆ ಹಾಜರಿಗೆ "ಹಾಜರ್ರಿ" ಎನ್ನತೊಡಗಿದಳು. ದೀಪಾವಳಿ ರಜೆಯ ನಂತರ, ಗುಲಾಬಿ ಕಡ್ಡಿ ತನ್ನ ಹತ್ತಿರವೇ ಇರಲಿ ಎಂದು ಜಯಮಾಲಾಳ ಜೊತೆ ಜಗಳವಾಡಿದಳು. ಜಗಳ ಬಿಡಿಸದೆ ನಾನು ಬಾಗಿಲಲ್ಲಿ ನಿಂತು ಕೇಳಿದೆ.

"ಮನ್ಯಾಗ ಸಣ್ಣವ್ರಿಗಿ ಸಾಲಿ ಹಚ್ಯಾಳ್ರಿ," ಎಂದರು ಫಕೀರಸಾಬರು ಕನ್ನಡಿಯಲ್ಲಿ. "ಅವು ತಪ್ಪ ಮಾಡಿದ್ರ ಚಪ್ಪಾಳಿ ಬಡೀತಾಳ. ಏನ್ ಹುಚ್ಚರಿ ಇದು!" ಹಾಗೆನ್ನುತ್ತ ಅವರು ಖುಷಿಯಿಂದ ಹಾರ್ನ್ ಒತ್ತಿದರು. ಎದುರಿಗೆ ಒಂದು ಆಡೂ ಇರಲಿಲ್ಲ.

ಜನವರಿಯಲ್ಲಿ ಶಾಲೆ ತಪಾಸಣೆಗೆ ಇಲಾಖೆಯ ಭೇಟಿ ತಂಡ ಬಂತು. ಬಂದವರಲ್ಲಿ ಧರ್ಮರಾಜ ಎಂಬುವವರು ನನ್ನ ತರಗತಿಗೆ ಬಂದರು. ಕೈಯಲ್ಲಿ ಫೋನು ಹಿಡಿದೇ ಇದ್ದರು. ನಮ್ಮ ಹೆಡ್ ಮಾಸ್ತರು ಗುರಲಿಂಗಪ್ಪ ಸರ್ ಬಾಗಿಲಲ್ಲಿ ನಿಂತು, ಶಾಣ್ಯಾ ಹುಡುಗರನ್ನೇ ಕರೆಯಿರಿ ಎಂದು ನನಗೆ ಕಣ್ಸನ್ನೆ ಮಾಡುತ್ತಿದ್ದರು. ಧರ್ಮರಾಜ ಸರ್ ಬೋರ್ಡಿನ ಮೇಲೆ ಅರ್ಧ ಮತ್ತು ಮೂರನೇ ಒಂದು, ಎರಡನ್ನೂ ಕೂಡಿಸುವ ಲೆಕ್ಕ ಬರೆದು, "ಯಾರು ಬರ್ತೀರಿ?" ಎಂದರು. ನಾನು ಯಾರ ಹೆಸರನ್ನೂ ಹೇಳುವ ಮೊದಲು ಸಾಬೀರಾ ಎದ್ದಳು.

ಅವಳು ಮೇಲಿನ ಅಂಕಿಗಳನ್ನು ಕೂಡಿಸಿ, ಕೆಳಗಿನವನ್ನೂ ಕೂಡಿಸಿ, ಐದನೇ ಎರಡು ಎಂದು ಬರೆದಳು. ತರಗತಿ ಮೂರು ಸಲ ಚಪ್ಪಾಳೆ ತಟ್ಟಿತು. ಸಾಬೀರಾ ನಕ್ಕಳು. ಧರ್ಮರಾಜ ಸರ್ ಫೋನಿನಲ್ಲಿ ಅದನ್ನು ಹಿಡಿದುಕೊಂಡರು.

"ಈಗ ಚಪ್ಪಾಳಿ ಬಡದದ್ದು ಉತ್ತರ ಸರಿ ಅಂತೇನ್ರಿ ಟೀಚರ್?"

"ಅಲ್ರಿ ಸರ್, ನಮ್ಮ ತರಗತಿಯಲ್ಲಿ…"

"ತಪ್ಪು ಅಂತ ಗೊತ್ತಿದ್ದೂ ಬಡದ್ರು?"

"ಹೌದ್ರಿ, ಆದರೆ…"

"ಭಾಳ ಚಂದ," ಎಂದು ಅವರು ಹೊರಗೆ ನಡೆದುಬಿಟ್ಟರು.

ಅವರು ವರಾಂಡ ದಾಟುವಷ್ಟರಲ್ಲಿ ಸಾಬೀರಾ ಗುಲಾಬಿ ಕಡ್ಡಿ ತೆಗೆದುಕೊಂಡು ಎರಡರ ಸುತ್ತ, ಐದರ ಸುತ್ತ ಸುತ್ತು ಹಾಕಿದ್ದಳು. "ಐದನೇ ಎರಡು ಅಂದ್ರ ಅರ್ಧ ರೊಟ್ಟಿಕಿಂತ ಕಡಿಮಿ ಆತಲ್ರಿ. ಅರ್ಧ ರೊಟ್ಟಿಗಿ ಮತ್ತೊಂದೀಟು ಹಾಕಿದ್ರ ಕಡಿಮಿ ಹ್ಯಾಂಗ ಆಗ್ತೈತಿ?" ಎಂದು ತಾನೇ ಕೇಳಿ, ತಾನೇ ಅಳಿಸಿ, ಆರನೇ ಐದು ಎಂದು ಬರೆದಳು. ಏಳು ತಿಂಗಳಲ್ಲಿ ನನ್ನ ತರಗತಿ ಕಂಡ ಅತಿ ಒಳ್ಳೆಯ ಎರಡು ನಿಮಿಷ ಅದು. ಫೋನಿನಲ್ಲಿ ಅದು ಇಲ್ಲ.

ಸಂಜೆಯೊಳಗೆ ವಿಡಿಯೊ ಮಾಸ್ತರರ ಗ್ರೂಪುಗಳಲ್ಲಿ ಓಡಾಡಿತು. ಹತ್ತೊಂಬತ್ತು ಸೆಕೆಂಡು. ಕೆಳಗೆ ಯಾರೋ, "ತಪ್ಪು ಉತ್ತರಕ್ಕೂ ಚಪ್ಪಾಳೆ, ಇದು ಈಗಿನ ಶಿಕ್ಷಣ," ಎಂದು ಬರೆದಿದ್ದರು. ನಗುವ ಮುಖಗಳು. ಮುದ್ದೇಬಿಹಾಳ, ಇಂಡಿ ಕಡೆಯಿಂದ ಟ್ರೇನಿಂಗ್ ಗೆಳತಿಯರು, "ಇದು ನಿನ್ನ ಕ್ಲಾಸೇನು?" ಎಂದು ಕೇಳಿದರು. ಉತ್ತರ ಬರೆದು ಅಳಿಸಿದೆ, ಬರೆದು ಅಳಿಸಿದೆ.

ಮರುದಿನ ಟಂಟಂನಲ್ಲಿ ಫಕೀರಸಾಬರು, "ನನ್ನ ಫೋನಿಗೂ ಬಂತ್ರಿ ವಿಡಿಯೊ," ಎಂದರು. ಅವರಿಗೆ ಅಕ್ಷರ ಅಷ್ಟಕ್ಕಷ್ಟೇ. "ದೊಡ್ಡ ಸಾಹೇಬರ ಮುಂದ ನಮ್ಮಾಕಿ ಲೆಕ್ಕ ಬಿಡಿಸಿದ್ಳು, ಎಲ್ಲಾರೂ ಚಪ್ಪಾಳಿ ಬಡದ್ರು. ಅವ್ರ ಅವ್ವಗ ಹತ್ತು ಸರ್ತಿ ತೋರಿಸಿನಿ." ಹಿಂದೆ ಕೂತ ಹೆಂಗಸರಿಗೂ ಫೋನು ದಾಟಿಸಿದರು. ನಾನು ಹೊರಗೆ ತೊಗರಿ ಹೊಲ ನೋಡುತ್ತ ಕೂತೆ.

ವಾರಕ್ಕೆ ನೋಟಿಸು ಬಂತು. ಮಕ್ಕಳಿಗೆ ತಪ್ಪು ಕಲಿಸಿ ಇಲಾಖೆಗೆ ಮುಜುಗರ ತಂದ ಬಗ್ಗೆ ಮೂರು ದಿನದಲ್ಲಿ ವಿವರಣೆ ಕೊಡಬೇಕು. ನನ್ನ ಪ್ರೊಬೇಷನ್ ಮುಗಿಯಲು ಆಗ ಹತ್ತು ವಾರ ಉಳಿದಿತ್ತು. ನೋಟಿಸು ಬಾಕಿ ಇದ್ದರೆ ನೌಕರಿ ಕಾಯಂ ಆಗುವುದಿಲ್ಲ. ತಾಳಿಕೋಟೆಯಲ್ಲಿ ನಮ್ಮ ಮನೆಯವರು ಆ ತಾರೀಖಿನ ಮೇಲೆ ಕಣ್ಣಿಟ್ಟು ಕೂತಿದ್ದರು.

ನಾನು ನಾಲ್ಕು ಪುಟ ಬರೆದೆ. ಮೂಗು, ಕಡ್ಡಿ, ಗುಲಾಬಿ ಸುತ್ತು, ರೊಟ್ಟಿ, ಎಲ್ಲವನ್ನೂ. ಗುರಲಿಂಗಪ್ಪ ಸರ್ ಓದಿ, ಕನ್ನಡಕ ತೆಗೆದು ಟೇಬಲ್ಲಿನ ಮೇಲೆ ಇಟ್ಟರು.

"ಸುನಂದಾ ಅವ್ರ, ಇದನ್ನ ಯಾರು ಓದ್ತಾರ್ರಿ? ನಾಕು ಪುಟ ಬರದ್ರ ನಾಕು ಪ್ರಶ್ನಿ ಕೇಳ್ತಾರ. ಹುಡುಗೂರು ಚಾಷ್ಟಿ ಮಾಡ್ಯಾರ, ನಾನು ಬೈದು ಬುದ್ಧಿ ಹೇಳೇನಿ ಅಂತ ಬರೀರಿ. ಒಂದು ಸಾಲು. ಮುಗೀತು."

"ಆದರೆ ಅವರು ಚೇಷ್ಟೆ ಮಾಡಲಿಲ್ಲರಿ."

"ನನಗ ಗೊತ್ತೈತ್ರಿ. ನಿಮಗ ಗೊತ್ತೈತಿ. ಕಾಗದಕ್ಕ ಗೊತ್ತಾಗೂದು ಬ್ಯಾಡ."

ಅವರು ಕೆಟ್ಟವರಲ್ಲ. ನನಗಾಗಿಯೇ ಹೇಳಿದರು. ನಾನು ಒಂದು ಹಾಳೆ ತೆಗೆದುಕೊಂಡೆ. ಚೇಷ್ಟೆ ಎಂಬ ಮಾತು ಒರಟೆನಿಸಿತು. ಬರೆದೆ: ಸದರಿ ವಿದ್ಯಾರ್ಥಿನಿಯ ತಪ್ಪನ್ನು ಕಂಡು ಸಹಪಾಠಿಗಳು ಅಪಹಾಸ್ಯದ ಉದ್ದೇಶದಿಂದ ಚಪ್ಪಾಳೆ ತಟ್ಟಿದ್ದು, ಅವರಿಗೆ ಸೂಕ್ತ ಎಚ್ಚರಿಕೆ ನೀಡಲಾಗಿದೆ. ಸಾಬೀರಾಳ ಹೆಸರು ಬರದಂತೆ ನೋಡಿಕೊಂಡೆ. ಅಷ್ಟರಮಟ್ಟಿಗೆ ಅವಳನ್ನು ಕಾಪಾಡಿದೆ ಎಂದು ನಂಬಿದ್ದೆ. ಸಹಿ ಮಾಡುವ ಮೊದಲು ಎರಡು ಸಲ ಓದಿದೆ. ವಾಕ್ಯದಲ್ಲಿ ಒಂದು ತಪ್ಪೂ ಇರಲಿಲ್ಲ.

ಮೇಲಿನಿಂದ ಫೋನು ಬಂತು. ವಿವರಣೆ ಸರಿ ಇದೆ, ಎಚ್ಚರಿಕೆ ಕೊಟ್ಟದ್ದಕ್ಕೆ ಒಂದು ಫೋಟೊ ಕಳಿಸಿ ಎಂದರಂತೆ. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಗುರಲಿಂಗಪ್ಪ ಸರ್ ಏಳನೇ ತರಗತಿಯನ್ನು ಮುಂದೆ ಕರೆದು ನಿಲ್ಲಿಸಿದರು. ಜೇಬಿನಿಂದ ನನ್ನ ಕಾಗದದ ಪ್ರತಿ ತೆಗೆದರು. ಅದು ಹೊರಗೆ ಬರುತ್ತದೆಂದು ನನಗೆ ತಿಳಿದಿರಲಿಲ್ಲ. ಅವರು ಅದನ್ನು ಇಡೀ ಶಾಲೆಗೆ ಕೇಳುವಂತೆ ಓದಿ, "ಅಪಹಾಸ್ಯ ಅಂದ್ರ ಏನು ಗೊತ್ತೇನ್ರೋ? ಚಾಷ್ಟಿ. ಒಂದು ಹುಡುಗಿಗಿ ನಕ್ಕು ಚಪ್ಪಾಳಿ ಬಡೀತೀರಿ? ನಿಮ್ಮ ಟೀಚರ ಬರದುಕೊಟ್ಟಾರ. ಕಿವಿ ಹಿಡೀರಿ," ಎಂದರು.

"ಸರ್ರಿ, ನಾವು ಚಾಷ್ಟಿ ಮಾಡಿಲ್ರಿ," ಎಂದ ಸಂಗಮೇಶ. ನನ್ನ ಕಡೆ ತಿರುಗಿದ. "ಟೀಚರ್ರಿ, ನೀವ ಹೇಳಿದ್ರಲ್ರಿ. ಹೇಳ್ರಿ ಸರ್ಗೆ."

ಎಲ್ಲರೂ ನನ್ನನ್ನು ನೋಡಿದರು. ಅಡುಗೆಯ ಬಾಳಮ್ಮ ಕೂಡ ಸೌಟು ಹಿಡಿದು ಬಾಗಿಲಿಗೆ ಬಂದು ನಿಂತಿದ್ದಳು. ನಾನು ಧ್ವಜದ ಕಂಬದ ಬುಡದಲ್ಲಿ ಬಳಿದ ಕೆಮ್ಮಣ್ಣನ್ನು ನೋಡಿದೆ. ಅಲ್ಲಲ್ಲಿ ಬಿರುಕು ಬಿಟ್ಟಿತ್ತು.

"ಕಿವಿ ಹಿಡಕೋ ಸಂಗಮೇಶ," ಎಂದೆ.

ಫೋಟೊ ತೆಗೆದರು. ಸಾಬೀರಾ ಬದಿಗೆ ಒಬ್ಬಳೇ ನಿಂತಿದ್ದಳು, ಅವಳ ಮುಂದೆ ಮೂವತ್ತೊಂದು ಮಕ್ಕಳು ಕಿವಿ ಹಿಡಿದು ಬಗ್ಗಿದ್ದರು. ಅವಳು ಅವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಸೆಪ್ಟೆಂಬರಿನಿಂದ ತನಗೆ ಬಿದ್ದ ಒಂದೊಂದು ಚಪ್ಪಾಳೆಯನ್ನೂ ಅವಳು ಮತ್ತೊಮ್ಮೆ ಕೇಳಿಸಿಕೊಳ್ಳುತ್ತಿದ್ದಳು ಎಂದು ನನಗೆ ಅನ್ನಿಸಿತು. ಆಮೇಲೆ ನನ್ನನ್ನು ನೋಡಿದಳು.

ಆ ದಿನ ಹಾಜರಿಗೆ ಅವಳ ಕೈ ಭುಜದ ತನಕ ಎದ್ದಿತು.

ಎರಡು ದಿನ ಬಿಟ್ಟು ಅವಳನ್ನು ನೀರಿನ ಟಾಕಿಯ ಹತ್ತಿರ ತಡೆದು ನಿಲ್ಲಿಸಿದೆ. "ಸಾಬೀರಾ, ಅವರು ಚೇಷ್ಟೆ ಮಾಡಿರಲಿಲ್ಲವ್ವಾ. ನಾನು ಬರೆದದ್ದು ಸುಳ್ಳು. ನೌಕರಿಗಾಗಿ ಬರೆದೆ," ಎಂದೆ. ಅಷ್ಟು ಹೇಳಲು ಎರಡು ರಾತ್ರಿ ನಿದ್ದೆ ಬಿಟ್ಟಿದ್ದೆ.

ಅವಳು ಬಾಟಲಿಯ ಮುಚ್ಚಳ ತಿರುಗಿಸಿ ತೆಗೆದಳು. "ಹಂಗಾರ ಪ್ರಾರ್ಥನಾದಾಗ ಹೇಳ್ತೀರೇನ್ರಿ?"

"ಮಾರ್ಚ್ ಮುಗೀಲಿ. ಆಮೇಲೆ ಹೇಳ್ತೇನಿ."

"ಆತ್ರಿ," ಎಂದಳು. ಬಾಟಲಿಗೆ ನೀರು ತುಂಬಿಕೊಂಡು ಹೋದಳು. ಅವಳು ನನ್ನೊಡನೆ ಆಡಿದ ಕೊನೆಯ ಮಾತು ಅದು.

ಆಮೇಲೆ ಬೋರ್ಡಿಗೆ ಯಾರೂ ತಾವಾಗಿ ಬರಲಿಲ್ಲ. ಕರೆದರೆ ಬರುತ್ತಿದ್ದರು, ಸರಿ ಎಂದು ಖಾತ್ರಿ ಇದ್ದದ್ದನ್ನು ಮಾತ್ರ ಬರೆಯುತ್ತಿದ್ದರು. ಗುಲಾಬಿ ಕಡ್ಡಿ ಡಬ್ಬಿಯಲ್ಲೇ ಉಳಿಯಿತು. ಫೆಬ್ರವರಿಯಲ್ಲಿ ಧರ್ಮರಾಜ ಸರ್ ಮತ್ತೆ ಬಂದು, ಐದು ನಿಮಿಷ ನಿಂತು, "ಈಗ ನೋಡ್ರಿ, ಕ್ಲಾಸ್ ಅಂದ್ರ ಹಿಂಗಿರಬೇಕು, ಸೂಜಿ ಬಿದ್ರ ಕೇಳತೈತಿ," ಎಂದರು. ಭೇಟಿ ಪುಸ್ತಕದಲ್ಲಿ, ಕಲಿಕೆಗೆ ಪೂರಕ ವಾತಾವರಣ ಇದೆ ಎಂದು ಬರೆದು ಸಹಿ ಹಾಕಿದರು.

ಅವರು ಹೋದ ಮೇಲೆ ನಾನು ಬೋರ್ಡಿನ ಮೇಲೆ ಅದೇ ಲೆಕ್ಕ ಬರೆದೆ. ಅರ್ಧ, ಮೂರನೇ ಒಂದು. ಉತ್ತರ ಐದನೇ ಎರಡು ಎಂದು ನಾನೇ ಬರೆದು ತಿರುಗಿ ನಿಂತೆ. ಯಾರಾದರೂ ತಪ್ಪು ಎನ್ನಲಿ, ಯಾರಾದರೂ ಒಂದು ಸಲ ಕೈ ತಟ್ಟಲಿ ಎಂದು ಕಾದೆ. ಮೂವತ್ತೆರಡು ತಲೆಗಳು ಬಗ್ಗಿ ಅದನ್ನು ನೋಟುಬುಕ್ಕಿಗೆ ಇಳಿಸಿಕೊಂಡವು. ಸಾಬೀರಾ ಅಡಿಗೆರೆ ಹಾಕಿ ಬರೆದುಕೊಂಡಳು. ರೊಟ್ಟಿಯ ಮಾತು ಗೊತ್ತಿದ್ದವಳು.

ಮಾರ್ಚ್ ಕೊನೆಗೆ ನನ್ನ ಪ್ರೊಬೇಷನ್ ಮುಗಿದು ನೌಕರಿ ಕಾಯಂ ಆದ ಆದೇಶ ಬಂತು. ನಾನು ಪ್ರಾರ್ಥನೆಯಲ್ಲಿ ಏನೂ ಹೇಳಲಿಲ್ಲ. ಪರೀಕ್ಷೆ ನಡೆದಿತ್ತು, ಮಕ್ಕಳ ಮನಸ್ಸು ಕೆಡಿಸಬಾರದು ಎಂದುಕೊಂಡೆ. ಆಮೇಲೆ ರಜೆ.

ಫಲಿತಾಂಶದ ದಿನ ಟಂಟಂನಲ್ಲಿ ಜನ ಕಡಿಮೆ ಇದ್ದರು. ಫಕೀರಸಾಬರು ನಿಧಾನವಾಗಿ ಓಡಿಸುತ್ತಿದ್ದರು.

"ಪಾಸಾಗ್ಯಾಳಂತಲ್ರಿ."

"ಒಳ್ಳೆ ಮಾರ್ಕ್ಸ್ ಬಂದಾವ್ರಿ. ಎಂಟನೇತ್ತಾಕ ಹಚ್ಚಬೇಕು ನೀವು."

"ಹಚ್ಚಬೇಕಂತ ಮಾಡಿದ್ದೆ. ಫಾರಮ್ಮೂ ತಂದೇನಿ." ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. "ಆದ್ರ ಆಕಿ ಮತ್ತ ಮೊದಲಿನಂಗ ಆಗ್ಯಾಳ್ರಿ. ಮನ್ಯಾಗ ಹುಡುಗೂರಿಗಿ ಕಲಸೂದು ಬಿಟ್ಟಾಳ. ಆ ವಿಡಿಯೊ ತಗದ್ರ ಎದ್ದು ಹೋಗ್ತಾಳ. ಏನಾತವ್ವಾ ಅಂದ್ರ ಏನಿಲ್ಲ ಅಂತಾಳ. ಸಾಲ್ಯಾಗ ಏನರ ಆಗೈತೇನ್ರಿ? ನೀವು ಹೇಳ್ರಿ. ನಿಮಗ ಗೊತ್ತಿರತೈತಿ."

ಗೊತ್ತಿತ್ತು. ಹೇಳಿದ್ದರೆ ಅವರು ಸಿಟ್ಟಾಗುತ್ತಿದ್ದರು, ಗಾಡಿಯಿಂದ ಇಳಿಸುತ್ತಿದ್ದರೋ ಏನೋ. ಆದರೆ ಮಗಳನ್ನು ಕೂಡಿಸಿಕೊಂಡು, ಅವು ನಿಜವಾದ ಚಪ್ಪಾಳೆ ಎಂದು ಅವರಾದರೂ ಹೇಳುತ್ತಿದ್ದರು. ನನ್ನ ಬ್ಯಾಗಿನಲ್ಲಿ ಆದೇಶದ ಪ್ರತಿ ಇತ್ತು. ಇನ್ನು ಯಾರಿಗೂ ಹೆದರುವ ಕಾರಣವಿರಲಿಲ್ಲ. ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಮಾತು ನಿಲ್ಲಿಸಿ ಕೇಳುತ್ತಿದ್ದರು.

"ಸಾಲ್ಯಾಗ ಏನೂ ಆಗಿಲ್ರಿ," ಎಂದೆ. ಅವರಿಗೆ ನೋವಾಗದಂತಹ ಮಾತು ಹುಡುಕಿದೆ. "ವಯಸ್ಸಿಗೆ ಬಂದ ಹುಡುಗ್ಯಾರು ಹಂಗ ಸುಮ್ಮನಾಗ್ತಾರ್ರಿ."

ಕನ್ನಡಿಯಲ್ಲಿ ಅವರ ಕಣ್ಣು ನನ್ನನ್ನು ಬಿಟ್ಟು ರಸ್ತೆಗೆ ಹೋದವು.

"ಹೌದಲ್ರಿ," ಎಂದರು. "ವಯಸ್ಸಿಗಿ ಬಂದಾಳ. ನಾ ತಂದಿ, ನನಗ ಹೊಳೀಲಿಲ್ಲ ನೋಡ್ರಿ." ಸ್ವಲ್ಪ ದೂರ ಹೋದ ಮೇಲೆ, "ಹಂಗಿದ್ರ ಸಿಂದಗಿ ಸಾಲಿ, ಬಸ್ಸಿನ ಹಾದಿ ಬ್ಯಾಡ ಬಿಡ್ರಿ. ನೀವ ಅಂದ ಮ್ಯಾಲ ಮುಗೀತು," ಎಂದರು.

ಶಾಲೆಯ ಮುಂದೆ ಅವರು ಗಾಡಿ ನಿಲ್ಲಿಸಿ, ಯಾವತ್ತಿನಂತೆ, ನಾನು ಇಳಿಯುವ ತನಕ ಕೈಯಿಂದ ಬಾಗಿಲ ಸರಳು ಹಿಡಿದುಕೊಂಡರು.