ಪ್ರಮೀಳಾ ಮಿಸ್ಸಿನ ಗಂಟಲು ಕಟ್ಟಿದಾಗ

ಒಂದೇ ರೂಮಿನಲ್ಲಿ ಎರಡು ತರಗತಿ ನಡೆಸಿದೋರಿಗೇ ಗೊತ್ತು ಕಣ್ರೀ ಆ ಫಜೀತಿ. ಈ ಕಡೆ ಗೋಡೆಗೆ ನಾಲ್ಕನೇ ತರಗತಿ, ಆ ಕಡೆ ಗೋಡೆಗೆ ಐದನೇ ತರಗತಿ. ನಾಲ್ಕಕ್ಕೆ ಭಾಗಾಕಾರ ಹೇಳೋಕೆ ಹೋದ್ರೆ ಐದರಲ್ಲಿ ಸಂತೆ. ಐದಕ್ಕೆ ಪದ್ಯ ಶುರು ಮಾಡಿದ್ರೆ ನಾಲ್ಕರಿಂದ ದೂರು: "ಮಿಸ್, ಇವ್ನು ನನ್ನ ರಬ್ಬರ್ ಕಿತ್ಕೊಂಡ!" ಆಗ ನಾವೇನ್ ಮಾಡ್ತೀವಿ? ಕೂಗ್ತೀವಿ. ಅವರು ಜೋರಾದಂಗೆ ನಾವೂ ಜೋರಾಗ್ತೀವಿ. ಸಾಯಂಕಾಲ ಬಸ್ಸಲ್ಲಿ ಕಂಡಕ್ಟರ್ ಹತ್ರ "ಗುಬ್ಬಿ ಒಂದು" ಅನ್ನೋಕೂ ಧ್ವನಿ ಇರಲ್ಲ.

ನಾನು ಪ್ರಮೀಳಾ. ಮನೆ ಇರೋದು ಗುಬ್ಬೀಲಿ. ಸಿ.ಎಸ್. ಪುರದ ಹತ್ರ ಒಂದು ಹಳ್ಳೀಲಿ ಸರ್ಕಾರಿ ಶಾಲೆ ಮಿಸ್ಸು. ಶಾಲೇಲಿ ಇರೋದು ನಾವು ಇಬ್ರೇ. ಒಂದರಿಂದ ಮೂರರವರೆಗಿನ ನಲಿ-ಕಲಿ ಮಕ್ಕಳು ಹೆಡ್‌ಮೇಷ್ಟ್ರು ಲಕ್ಷ್ಮೀನರಸಿಂಹಯ್ಯನವರ ಪಾಲು. ನಾಲ್ಕು, ಐದು ನನ್ನ ಪಾಲು.

ದಸರಾ ರಜೆ ಮುಗಿಸ್ಕೊಂಡು ಬಂದ ವಾರಕ್ಕೇ ನನ್ನ ಗಂಟಲು ಕಟ್ತು. ಮೆಣಸಿನ ಕಷಾಯ ಕುಡಿದೆ, ಉಪ್ಪುನೀರು ಮುಕ್ಕಳಿಸಿದೆ. ಉಹೂಂ. ಒಂದಿನ ಬೆಳಿಗ್ಗೆ ಎದ್ದು ನಮ್ಮೆಜಮಾನ್ರನ್ನ "ರೀ" ಅಂತ ಕರೆದ್ರೆ ಗಾಳಿ ಮಾತ್ರ ಬಂತು. ಅವರ ಹೆಸರು ನಾಗೇಶ್. ಅಂತರಸನಹಳ್ಳಿ ಫ್ಯಾಕ್ಟರಿಗೆ ಹೋಗೋರು, ಅವತ್ತು ಡ್ಯೂಟಿ ಬಿಟ್ಟು ಬೈಕಲ್ಲಿ ನನ್ನ ತುಮಕೂರಿಗೆ ಕರ್ಕೊಂಡು ಹೋದ್ರು. ದಾರೀಲಿ, "ಮದುವೆ ಆದಾಗಿಂದ ಇಷ್ಟು ನೆಮ್ಮದಿಯಾಗಿ ಯಾವತ್ತೂ ಗಾಡಿ ಓಡ್ಸಿರ್ಲಿಲ್ಲ ಕಣೇ" ಅಂದ್ರು. ಬೆನ್ನಿಗೆ ಒಂದು ಗುದ್ದಿದೆ. ಇನ್ನೇನ್ ಮಾಡ್ಲಿ, ಬೈಯೋಕೆ ಬಾಯಿಲ್ಲ.

ಗಂಟಲು ಡಾಕ್ಟ್ರು ಮಾತ್ರ ನಗಲಿಲ್ಲ. "ಧ್ವನಿಪೆಟ್ಟಿಗೆ ಊದ್ಕೊಂಡಿದೆ. ಒಂದು ತಿಂಗಳು ಮಾತು ಬೇಡ. ಪಿಸುಗುಟ್ಟೋದೂ ಬೇಡ. ಹಿಂಗೇ ಕೂಗ್ತಾ ಇದ್ರೆ ಗಂಟಾಗತ್ತೆ, ಆಮೇಲೆ ಆಪರೇಷನ್ನು. ಅದಾದ್ಮೇಲೂ ಮೊದಲಿನ ಧ್ವನಿ ಬರತ್ತೆ ಅಂತ ನಾನು ಹೇಳಲ್ಲಮ್ಮ."

ರಜೆ ಹಾಕೋಣ ಅಂದ್ರೆ ಐದೂ ತರಗತಿ ಮೇಷ್ಟ್ರು ಒಬ್ರ ತಲೆ ಮೇಲೆ ಬೀಳತ್ತೆ. ಶಾಲೆಗೆ ಹೋಗೋಣ ಅಂದ್ರೆ ಬಾಯಿಲ್ಲದ ಮಿಸ್ಸು ಹೋಗಿ ಮಾಡೋದೇನು? ಆದ್ರೂ ಹೋದೆ. ಬೋರ್ಡ್ ಮೇಲೆ ಬರೆದೆ, ಕೈಸನ್ನೆ ಮಾಡ್ದೆ. ಎರಡು ದಿನ ಮಕ್ಕಳಿಗೆ ತಮಾಷೆ ಅನ್ನಿಸ್ತು. ಮೂರನೇ ದಿನ ಬೆಂಚಿನ ಮೇಲೆ ಕುಣಿದ್ರು.

ಸುದ್ದಿ ಚಿಕ್ಕಮಾರಯ್ಯನವರಿಗೆ ಮುಟ್ತು. ಅವರು ನಮ್ಮ ಶಾಲಾಭಿವೃದ್ಧಿ ಸಮಿತಿ ಅಧ್ಯಕ್ಷರು. ಅವರ ಮೊಮ್ಮಗಳು ನಿತ್ಯಶ್ರೀ ನನ್ನ ನಾಲ್ಕನೇ ತರಗತೀಲೇ ಇದ್ಲು. ಟವೆಲ್ ಕೊಡವಿ ಹೆಗಲ ಮೇಲೆ ಹಾಕ್ಕೊಂಡು ನೇರ ಮೇಷ್ಟ್ರ ಮುಂದೆ ನಿಂತ್ರು.

"ಮೇಷ್ಟ್ರೇ, ಬೇಜಾರ್ ಮಾಡ್ಕಬ್ಯಾಡಿ. ಮಾತೇ ಆಡದ ಮಿಸ್ಸು ಪಾಠ ಹೆಂಗ್ ಮಾಡ್ತಾರೆ? ನಮ್ ಮಗೀನ ಟಿಸಿ ಕೊಟ್ಬುಡಿ. ಕಾನ್ವೆಂಟ್ ವ್ಯಾನು ಊರ್ ಬಾಗ್ಲಿಗೇ ಬತ್ತದೆ."

ಮೇಷ್ಟ್ರು ಬೆವೆತು ಹೋದ್ರು. "ಅಧ್ಯಕ್ಷರೇ, ನೀವೇ ಮಗು ಬಿಡಿಸ್ಕೊಂಡ್ರೆ ಊರೋರೆಲ್ಲ ಅದೇ ದಾರಿ ಹಿಡೀತಾರೆ. ಮಕ್ಕಳು ಕಮ್ಮಿಯಾದ್ರೆ ಮಿಸ್ಸಿನ ಹುದ್ದೇನೂ ಉಳಿಯಲ್ಲ. ಹುಣ್ಣಿಮೆ ಕಳೀಲಿ, ತಡ್ಕೊಳ್ಳಿ."

"ಆಯ್ತು ಬುಡಿ. ಹುಣ್ಣಿಮೆ ಮಾರನೇ ದಿನ ಬತ್ತೀನಿ. ಕಾಗ್ದ ಬರ್ದಿಟ್ಟಿರಿ."

ನಾನು ಬಾಗಿಲ ಹಿಂದೇನೇ ನಿಂತಿದ್ದೆ. "ಬೇಡ ಸ್ವಾಮಿ" ಅನ್ನೋಕೂ ಆಗದೆ ಅಳು ಬಂತು.

ಆ ಭಾನುವಾರ ಪ್ರೇಮಲತಾ ಬಂದ್ಲು. ನಾವಿಬ್ರೂ ಡಿ.ಎಡ್. ಓದುವಾಗ ಹಾಸ್ಟೆಲ್ಲಲ್ಲಿ ಒಂದೇ ರೂಮು. ಈಗ ಅವಳು ಕುಣಿಗಲ್ ಕಡೆ ಶಾಲೇಲಿ ಮಿಸ್ಸು. ನನ್ನ ಗಂಟಲ ಸುದ್ದಿ ಕೇಳಿ ಬೆಲ್ಲದ ಮಿಠಾಯಿ ಕಟ್ಟಿಸ್ಕೊಂಡು ಬಸ್ ಹತ್ತಿ ಬಂದಿದ್ಲು. ಅವಳು ಬಾಯಲ್ಲಿ ಮಾತಾಡಿದ್ಲು, ನಾನು ಮಗನ ಹಳೇ ಸ್ಲೇಟಲ್ಲಿ ಬರೆದು ಜಗಳ ಆಡ್ದೆ.

ಅವಳು ಐದನೇ ತರಗತಿ ಪುಸ್ತಕ ತೆಗೆದು ಪಾಠದ ಮೊದಲ ಪುಟಕ್ಕೆ ಬೆರಳಿಟ್ಲು. "ಇದೇನೇ?" ಅಂದ್ಲು. ಕಪ್ಪು ಚುಕ್ಕೆ ತುಂಬಿದ ಒಂದು ಸಣ್ಣ ಚೌಕ.

ನಾನು ಬರೆದೆ: "ಅಂಗಡೀಲಿ ದುಡ್ಡು ಕಳ್ಸೋ ಚೌಕ. ಪುಸ್ತಕಕ್ಕೆ ಯಾಕೆ ಹಾಕವ್ರೋ. ಮುಟ್ಟಿದ್ರೆ ದುಡ್ಡು ಕಟ್ ಆಗತ್ತೆ."

ಪ್ರೇಮಲತಾ ಹೊಟ್ಟೆ ಹಿಡ್ಕೊಂಡು ನಕ್ಳು. "ಅಯ್ಯೋ ಪೆದ್ದೀ! ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೀತಿದ್ದೀಯಲ್ಲೇ! ಇದು ದುಡ್ಡಿನ ಚೌಕ ಅಲ್ಲ ಕಣೇ, ಪಾಠದ ಚೌಕ. ಚೌಕ ನೋಡೋಕೆ ಒಂದೇ ಥರ ಇರತ್ತೆ, ಒಳಗಿರೋದು ಬೇರೆ ಬೇರೆ."

ಅವಳು ನನ್ನ ಫೋನಿಗೆ ದೀಕ್ಷಾ ಅನ್ನೋ ಆ್ಯಪ್ ಇಳಿಸಿದ್ಲು. ಸರ್ಕಾರದ್ದು, ಪುಕ್ಕಟೆ. ಕನ್ನಡ ಅಂತ ಆರಿಸಿದ್ಲು. ಆ್ಯಪ್ ಒಳಗಿಂದಾನೇ ಚೌಕ ಸ್ಕ್ಯಾನ್ ಮಾಡಿದ್ಲು. ಅದೇ ಪಾಠದ ವಿಡಿಯೋ, ಅಭ್ಯಾಸದ ಪ್ರಶ್ನೆ ಎಲ್ಲ ಬಂತು. ಯಾರೋ ಒಬ್ರು ಮಿಸ್ಸು, ನಮ್ಮ ಕನ್ನಡದಲ್ಲೇ, ಚಿತ್ರ ತೋರಿಸಿ ಪಾಠ ಹೇಳ್ತಿದ್ರು.

ಆದ್ರೂ ಬಿಡ್ತೀನಾ? ಬರೆದೆ: "ಪಿನ್ ಕೇಳಿದ್ರೆ?"

"ಕೇಳಲ್ಲ. ಪಾಠಕ್ಕೆ ಯಾವ ಪಿನ್ನೂ ಬೇಡ, ಬ್ಯಾಂಕ್ ನಂಬರೂ ಬೇಡ. ಪಾಠದ ಹೆಸರು ಹೇಳ್ಕೊಂಡು ಯಾರಾದ್ರೂ ಪಿನ್ನು, ಒಟಿಪಿ ಕೇಳಿದ್ರೆ ಅದು ಕಳ್ಳರ ಕೆಲಸ ಅಂತ ತಿಳ್ಕೊ. ಮುಚ್ಚಿ ಬಿಸಾಕು."

"ನಮ್ಮ ಶಾಲೇಲಿ ನೆಟ್‌ವರ್ಕ್ ಬರಬೇಕು ಅಂದ್ರೆ ನೀರಿನ ಟ್ಯಾಂಕ್ ಹತ್ತಬೇಕು."

"ಯಾಕ್ ಹತ್ತೀಯೇ? ಗುಬ್ಬೀಲಿ ಮನೇಲೇ ಡೌನ್‌ಲೋಡ್ ಮಾಡ್ಕೊಂಡು ಹೋಗು. ಅಲ್ಲಿ ನೆಟ್ ಇಲ್ದೇನೂ ಓಡತ್ತೆ."

"ಎಲ್ಲಾ ಪಾಠಕ್ಕೂ ಇದೆಯಾ?"

"ಸುಳ್ಳು ಹೇಳಲ್ಲಮ್ಮ. ಕೆಲವಕ್ಕೆ ಚೆನ್ನಾಗಿದೆ, ಕೆಲವಕ್ಕೆ ಸುಮಾರು, ಕೆಲವಕ್ಕೆ ಇಲ್ಲ. ಮೊದಲು ನೀನು ಪೂರ್ತಿ ನೋಡು, ಆಮೇಲೆ ಮಕ್ಕಳಿಗೆ ತೋರ್ಸು. ಫೋನು ಮಿಸ್ಸಲ್ಲ ಕಣೇ. ಮಿಸ್ಸು ನೀನೇ."

ಇನ್ನೂ ಎರಡು ಕಲಿಸಿಕೊಟ್ಲು. ಸ್ಟೋರಿವೀವರ್ ಅಂತ ಒಂದು ತಾಣ. ಅದರಲ್ಲಿ ಮಕ್ಕಳ ಕಥೆ ರಾಶಿ ರಾಶಿ, ಕನ್ನಡದಲ್ಲಿ, ಚಿತ್ರದ ಸಮೇತ, ಮಗುವಿನ ಓದಿನ ಮಟ್ಟಕ್ಕೆ ತಕ್ಕಂಗೆ. ಅದೂ ಪುಕ್ಕಟೆ, ಅದನ್ನೂ ಇಳಿಸಿ ಇಟ್ಕೋಬೋದು. ಇನ್ನೊಂದು, ನಾವು ಕನ್ನಡದಲ್ಲಿ ಟೈಪ್ ಮಾಡಿದ್ದನ್ನ ಫೋನೇ ಗಟ್ಟಿಯಾಗಿ ಓದೋದು. ಅದನ್ನ ನೋಡಿ ನಾನು ಮೊದಲು ಟೈಪ್ ಮಾಡಿದ್ದು, "ರೀ ನಾಗೇಶ್, ಕಾಫಿ ಮಾಡಿ." ಫೋನು ಹೇಳ್ತು. ಒಳಗಿಂದ ನಮ್ಮೆಜಮಾನ್ರು, "ಆಹಾ, ಬಂತಪ್ಪ ಬಾಯಿ!" ಅಂದ್ರು.

ಸೋಮವಾರ ನನ್ನ ಫೋನು, ನಾಗೇಶ್ ಅವರ ಹಳೇ ಫೋನು, ಮನೇಲಿದ್ದ ಸಣ್ಣ ಸ್ಪೀಕರ್ ಎಲ್ಲ ಬ್ಯಾಗಿಗೆ ಹಾಕ್ಕೊಂಡು ಹೋದೆ. ನಾನು ಪುಸ್ತಕದ ಮೇಲೆ ಫೋನ್ ಹಿಡಿದಿದ್ದು ನೋಡಿ ಹೆಡ್‌ಮೇಷ್ಟ್ರು ಓಡಿ ಬಂದ್ರು.

"ಅಮ್ಮಾ ತಾಯಿ, ಏನ್ ಮಾಡ್ತಿದ್ದೀಯ! ನಮ್ಮ ಭಾವಮೈದ ಯಾವುದೋ ಲಿಂಕ್ ಒತ್ತಿ ಅಡಿಕೆ ಮಾರಿದ ದುಡ್ಡೆಲ್ಲ ಕಳ್ಕೊಂಡ. ನನಗೆ ರಿಟೈರ್‌ಮೆಂಟ್ ಹತ್ರ ಬಂದದೆ!"

ಅವರ ಭಯ ತಪ್ಪಲ್ಲ ಬಿಡಿ. ಹಾವು ತುಳಿದೋರಿಗೆ ಹಗ್ಗ ಕಂಡ್ರೂ ನಡುಕ. ನಾನು ಪ್ರೇಮಲತಾ ಹೇಳಿದ್ದನ್ನೇ ಬೋರ್ಡ್ ಮೇಲೆ ಬರೆದೆ. ಐದನೇ ತರಗತಿ ಮಕ್ಕಳು ಒಂದೇ ಉಸಿರಿಗೆ ಓದಿದ್ರು: "ಪಾಠದ ಚೌಕ ಪಿನ್ ಕೇಳಲ್ಲ ಸಾರ್! ಪಿನ್ ಕೇಳಿದ್ರೆ ಮುಚ್ಚಿ ಬಿಸಾಕಿ ಸಾರ್!" ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕ್ಕೊಂಡು, "ನೋಡಣ, ಹಾಕಮ್ಮ" ಅಂದ್ರು. ಪಾಠ ಮುಗಿಯೋವರೆಗೂ ಅಲ್ಲೇ ನಿಂತಿದ್ರು.

ಹಿಂಗೆ ಶುರುವಾಯ್ತು. ಐದನೇ ತರಗತಿಯೋರು ಸ್ಪೀಕರ್ ಸುತ್ತ ಕೂತು ಪಾಠ ಕೇಳ್ತಿದ್ರು. ಮಧ್ಯೆ ಮಧ್ಯೆ ನಿಲ್ಲಿಸಿ ಬೋರ್ಡ್ ಮೇಲೆ ಪ್ರಶ್ನೆ ಬರೀತಿದ್ದೆ, ಅವರು ಉತ್ತರ ಹೇಳ್ತಿದ್ರು. ಅಷ್ಟು ಹೊತ್ತು ನಾಲ್ಕನೇ ತರಗತಿಯೋರು ಜಗಲೀಲಿ ಹಳೇ ಫೋನಲ್ಲಿ ಕಥೆ ಓದ್ತಿದ್ರು. ಆಮೇಲೆ ಅದಲು ಬದಲು. "ಪುಸ್ತಕ ತೆಗೀರಿ" ಅಂತ ಫೋನು ಹೇಳಿದ್ರೆ, "ಆಯ್ತು, ಫೋನ್ ಮಿಸ್" ಅಂತಿದ್ವು ತರ್ಲೆಗಳು.

ಕಥೆ ಓದಿ ಹೇಳೋಕೆ ನನಗೆ ಬಾಯಿಲ್ಲ. ಹಂಗಾಗಿ ಅವರೇ ಸರದಿ ಪ್ರಕಾರ ಗಟ್ಟಿಯಾಗಿ ಓದ್ಬೇಕಿತ್ತು. ನಿತ್ಯಶ್ರೀ ಸರದಿ ಬಂದಾಗ ತಲೆ ತಗ್ಗಿಸಿದ್ಲು. ಜೂನ್ ತಿಂಗಳಿಂದ ಆ ಮಗು ಬಾಯಿ ಬಿಟ್ಟಿದ್ದೇ ನಾನು ಕೇಳಿರ್ಲಿಲ್ಲ. ಎಲ್ಲ ನಾನೇ ಓದಿ ನಾನೇ ಹೇಳ್ತಿದ್ರೆ ಅದು ಎಲ್ಲಿ ಬಾಯಿ ಬಿಡತ್ತೆ ಹೇಳಿ? ಹತ್ರ ಹೋಗಿ ಕೂತ್ಕೊಂಡು ಸಾಲಿನ ಕೆಳಗೆ ಬೆರಳಿಟ್ಟೆ. ಮೊದಲ ದಿನ ಒಂದು ಸಾಲು. ಆಮೇಲೆ ಒಂದು ಪುಟ. ಸುಲಭದ ಕಥೆ ಆದ್ಮೇಲೆ ಅದಕ್ಕಿಂತ ಸ್ವಲ್ಪ ಕಷ್ಟದ್ದು. ತಡವರಿಸಿದ್ರೆ ಪಕ್ಕದೋಳು ಹೇಳಿಕೊಡ್ತಿದ್ಲು. ನಾನು ಬಾಯಿ ಮುಚ್ಚಿದ್ಮೇಲೆ ಮಕ್ಕಳ ಬಾಯಿ ತೆರೀತು ಕಣ್ರೀ. ಇದನ್ನ ಹೇಳೋಕೆ ನನಗೆ ಸಂಕೋಚ ಇಲ್ಲ.

ಹುಣ್ಣಿಮೆ ಮಾರನೇ ದಿನ ಚಿಕ್ಕಮಾರಯ್ಯ ಬಂದೇ ಬಂದ್ರು. ಮೇಷ್ಟ್ರು ಆಫೀಸ್ ರೂಮಲ್ಲಿ ಕುರ್ಚಿ ಹಾಕಿ ಕೂರ್ಸಿದ್ರು. ಕಿಟಕಿ ಆಚೆಗೇ ಜಗಲಿ. ನಾಲ್ಕನೇ ತರಗತಿಯೋರು ಆನೆಮರಿ ದಾರಿ ತಪ್ಪಿದ ಕಥೆ ಓದ್ತಿದ್ರು. ಒಂದು ಹುಡುಗಿ ಗಂಟೆ ಹೊಡೆದಂಗೆ ಓದ್ತಿದ್ಲು. ಆನೆಮರಿ ಅತ್ತಾಗ ಅವಳ ದನಿ ಸಣ್ಣ ಆಗ್ತಿತ್ತು, ತಾಯಾನೆ ಕೂಗಿದಾಗ ದಪ್ಪ ಆಗ್ತಿತ್ತು.

ಚಿಕ್ಕಮಾರಯ್ಯ ಕಿವಿಗೊಟ್ಟು ಕೇಳಿದ್ರು. "ಯಾರ ಮಗು ಮೇಷ್ಟ್ರೇ ಅದು? ಏನ್ ಚೆಂದಾಗಿ ಓದ್ತದೆ!"

ಮೇಷ್ಟ್ರು ನಕ್ಕರು. "ಎದ್ದು ನೋಡಿ ಅಧ್ಯಕ್ಷರೇ."

ಅವರು ಎದ್ದು ಕಿಟಕಿ ಸರಳು ಹಿಡ್ಕೊಂಡು ನೋಡಿದ್ರು. ಎರಡು ಜಡೆ, ಮೊಣಕಾಲ ಮೇಲೆ ಫೋನು. ಅವರ ಮೊಮ್ಮಗಳೇ. ಆ ಹಿರಿಯ ಮನುಷ್ಯ ಹಂಗೇ ನಿಂತ್ಬಿಟ್ರು. ಆನೆಮರಿ ತಾಯಿ ಹತ್ರ ಸೇರೋವರೆಗೂ ಅಲ್ಲಾಡಲಿಲ್ಲ. ಆಮೇಲೆ ಟವೆಲ್ಲಲ್ಲಿ ಕಣ್ಣು ಒರೆಸ್ಕೊಂಡು ಹೊರಗೆ ಬಂದು ನನ್ನ ಮುಂದೆ ಕೈ ಮುಗಿದ್ರು.

"ಮನೇಲಿ ಮಾತಾಡ್ಸಿದ್ರೂ ಮಾತಾಡದ ಮಗು ಕಣವ್ವಾ ಇದು. ಮೂಗೀನೇನೋ ಅಂತ ನನ್ ಸೊಸೆ ಹರಕೆ ಹೊತ್ತವ್ಳೆ. ನಾನು ನಿಮ್ ಬಾಯಿ ನೋಡ್ಕೊಂಡು ಟಿಸಿ ಕೇಳ್ದೆ. ಮಗೀನ ಬಾಯಿ ನೋಡ್ನಿಲ್ಲ." ಆಮೇಲೆ ಜೇಬಿಂದ ಫೋನ್ ತೆಗೆದು ಮೇಷ್ಟ್ರ ಕೈಗೆ ಕೊಟ್ರು. "ತಿಪಟೂರು ಕೊಬ್ರಿ ರೇಟ್ ನೋಡಕ್ಕೆ ಬುಟ್ರೆ ಇದು ಇನ್ನೇನಕ್ಕೂ ಬರ್ನಿಲ್ಲ. ಆ ಕಥೆಗಳ್ನ ನಂದ್ರಾಗೂ ಹಾಕ್ಕೊಡಿ. ಸಂಜೆ ಹೊತ್ತು ನನ್ ಮೊಮ್ಮಗಳು ನಂಗೆ ಓದಿ ಹೇಳ್ಲಿ."

ನಾನು ಸ್ಲೇಟಿಗೆ ಕೈ ಹಾಕಿದೆ. ಆಮೇಲೆ ಅದನ್ನ ಪಕ್ಕಕ್ಕಿಟ್ಟೆ. ನಿತ್ಯಶ್ರೀ ಕೆನ್ನೆ ಹಿಡಿದು ಮುತ್ತು ಕೊಟ್ಟೆ, ಅಷ್ಟೇ.

ತಿಂಗಳು ತುಂಬಿದ್ಮೇಲೆ ಡಾಕ್ಟ್ರು ನೋಡಿ, ಊತ ಇಳಿದಿದೆ, ಮೆಲ್ಲಗೆ ಮಾತಾಡಿ, ಇನ್ನು ಯಾವತ್ತೂ ಕೂಗಬೇಡಿ ಅಂದ್ರು. ನನ್ನ ಧ್ವನಿ ನನಗೆ ವಾಪಸ್ ಸಿಕ್ತು. ಮೊದಲ ಫೋನು ಪ್ರೇಮಲತಾಗೆ ಮಾಡ್ದೆ. "ಲತಾ, ನಿನ್ನ ಋಣ ತೀರಿಸೋಕಾಗಲ್ಲ ಕಣೇ" ಅಂದೆ. "ಬಾಯ್ಮುಚ್ಚೇ, ಮತ್ತೆ ಊದ್ಕೊಂಡೀತು" ಅಂದ್ಲು. ಆ ಪಾಠಗಳನ್ನ ಮಾಡಿಟ್ಟ ಮೇಷ್ಟ್ರುಗಳು, ಮಿಸ್ಸುಗಳು, ಆ ಕಥೆ ಬರೆದೋರು, ಚಿತ್ರ ಬಿಡಿಸಿದೋರು, ಅವರ ಮುಖ ನಾನು ನೋಡಿಲ್ಲ, ಊರು ಗೊತ್ತಿಲ್ಲ. ಎಲ್ಲಿದ್ರೂ ಅವರ ಮಕ್ಕಳುಮರಿ ತಣ್ಣಗಿರ್ಲಿ.

ನನ್ನಂಗೇ ಕೂಗಿ ಕೂಗಿ ಸುಸ್ತಾಗಿರೋ ಮೇಷ್ಟ್ರೇ, ಮಿಸ್ಸುಗಳೇ, ನಿಮ್ಮ ಪುಸ್ತಕದ ಚೌಕ ಇವತ್ತೇ ಒಂದ್ಸಲ ತೆರೆದು ನೋಡಿ. ದುಡ್ಡು ಹೋಗಲ್ಲ. ಗೊತ್ತಿಲ್ಲದೇ ಇದ್ರೆ ಗೊತ್ತಿರೋ ಗೆಳತೀನ ಕೇಳಿ, ಗೊತ್ತಿದ್ರೆ ಬಸ್ ಹತ್ತಿ ಹೋಗಿ ಇನ್ನೊಬ್ರಿಗೆ ಕಲಿಸಿ. ಅಪ್ಪ ಅಮ್ಮಂದಿರೇ, ಅಜ್ಜ ಅಜ್ಜಿಯರೇ, ನಿಮಗೊಂದೇ ಮಾತು. ಸಂಜೆ ಸ್ವಲ್ಪ ಹೊತ್ತು ನಿಮ್ಮ ಫೋನಲ್ಲಿ ಒಂದು ಕಥೆ ತೆಗೆದು ಮಗುವಿನ ಕೈಗೆ ಕೊಡಿ. ಕೊಟ್ಟು ಎದ್ದು ಹೋಗಬೇಡಿ. ಪಕ್ಕದಲ್ಲೇ ಕೂತು, "ಓದು ಕಂದ, ನಾನು ಕೇಳ್ತೀನಿ" ಅನ್ನಿ.