ಲೂಥರನ ಮುಂದೆ ಒಡೆದ ಕಾಯಿ

೧೯೮೩ರ ನವೆಂಬರ್‌ನಲ್ಲಿ ಜರ್ಮನಿಯ ಕ್ರೈಸ್ತ ಸುಧಾರಕ ಮಾರ್ಟಿನ್ ಲೂಥರ್ ಹುಟ್ಟಿ ಐನೂರು ವರ್ಷವಾಯಿತು. ತುಮಕೂರಿನ ಒಂದು ಚರ್ಚಿನವರು ಅವನ ಬಗ್ಗೆ ಉಪನ್ಯಾಸ ಕೊಡಲು ಕರೆದದ್ದು ಗುಬ್ಬಿಯಲ್ಲಿ ಚರಿತ್ರೆ ಕಲಿಸುತ್ತಿದ್ದ ನನ್ನ ತಂಗಿ ರೇವಮ್ಮನನ್ನು. ಅವರ ಧರ್ಮದ ವಿಷಯವನ್ನು ಅವರಿಗೇ ಹೇಳಹೊರಟವಳು ಎಲ್ಲಿ ತಡವರಿಸುತ್ತಾಳೋ ಎಂದು ನನಗೆ ಅಳುಕು. ಅವಳಿಗೂ ಇತ್ತು.

"ಅಣ್ಣ, ಒಂದು ಪ್ರಶ್ನೆಗೆ ಉತ್ತರ ಕೊಡದಿದ್ರೂ ಸಾಕು, ಕಡಬದೋಳಿಗೆ ಏನ್ ಗೊತ್ತು ಅಂತಾರೆ."

ಅಮ್ಮ ಸಿದ್ದಲಕ್ಷ್ಮಮ್ಮ ನಮ್ಮೂರು ಕಡಬದಿಂದ ಬಸ್ಸಿನಲ್ಲಿ ಬಂದಳು. ವೇದಿಕೆಯ ಮೇಲೆ ಲೂಥರನ ಪಟ ಕಂಡದ್ದೇ, ನಮ್ಮ ಕಡೆ ಯಾವ ಸಮಾರಂಭದಲ್ಲೂ ಮಾಡುವಂತೆ, ಚೀಲದಿಂದ ಚೆಂಡುಹೂವಿನ ಹಾರ ತೆಗೆದು ಹಾಕಿದಳು. ತೆಂಗಿನಕಾಯಿಯನ್ನು ಮೆಟ್ಟಿಲಿಗೆ ಕುಟ್ಟಿ, ಎರಡೂ ಹೋಳನ್ನು ಪಟದ ಮುಂದಿಟ್ಟಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಚರ್ಚಿನ ಹಿರಿಯರಾದ ನಿವೃತ್ತ ಹೆಡ್‌ಮಾಸ್ಟರ್ ಸಾಮುವೇಲ್ ಮಹಾದೇವಯ್ಯ ಮುಗುಳ್ನಕ್ಕರು. "ಈ ಮನುಷ್ಯ ಹರಕೆ ಗಿರಕೆ ಬೇಡ ಅಂದೋನು ಕಣಮ್ಮ."

"ಹರಕೆ ಎಲ್ಲಿ ಬಂತು ಸ್ವಾಮಿ? ಐನೂರು ವರ್ಷದ ಹಿರೀಕ್ರು. ಬರೀ ಕೈಲಿ ಬರಕ್ಕಾಯ್ತದಾ?"

ರೇವಮ್ಮನ ಮುಖ ಕೆಂಪಾಗಿತ್ತು. ಆದರೂ ಶುರು ಮಾಡಿದಳು. ಪಾಪಕ್ಕೆ ಕ್ಷಮಾಪತ್ರ ಮಾರುತ್ತಿದ್ದ ಕಾಲದಲ್ಲಿ ಒಬ್ಬ ಸನ್ಯಾಸಿ ಅದನ್ನು ಪ್ರಶ್ನಿಸಿದ್ದನ್ನು ಹೇಳಿದಳು. ದೇವರ ಕೃಪೆ ಸಂಪಾದನೆಯಲ್ಲ, ನಂಬಿದವನಿಗೆ ಸುಮ್ಮನೆ ಸಿಗುವುದು ಎಂದು ಅವನು ಸಾರಿದ್ದನ್ನು, ಸಂತೆಯ ಜನ, ಮನೆಯ ತಾಯಂದಿರು ಆಡುವ ಜರ್ಮನ್ ನುಡಿಗೆ ಬೈಬಲ್ಲನ್ನು ತಂದದ್ದನ್ನು ವಿವರಿಸಿದಳು.

ಮುಗಿದ ಮೇಲೆ ಮಹಾದೇವಯ್ಯ ಎದ್ದರು. "ಮೇಡಂ, ಕೃಪೆ ಸುಮ್ನೆ ಸಿಗೋದಾದ್ರೆ ಒಳ್ಳೇ ಕೆಲಸ ಯಾಕ್ ಮಾಡ್ಬೇಕು? ನನ್ ಮೊಮ್ಮಗಳು ಕೇಳ್ತಾಳೆ. ನನಗೆ ಹೇಳಕ್ಕಾಗಿಲ್ಲ."

ಅವಳು ಕೈಲಿದ್ದ ಹಾಳೆ ನೋಡಿದಳು. ಅದರಲ್ಲಿ ಉತ್ತರವಿರಲಿಲ್ಲ. ಅವಳ ಕಣ್ಣು ಪಟದ ಮುಂದಿನ ಹೋಳುಗಳ ಮೇಲೆ ನಿಂತಿತು. ಒಂದನ್ನು ಎತ್ತಿ ಹಿಡಿದಳು.

"ಸಾರ್, ಕಾಯಿ ಬಿಟ್ಟಿದ್ದರಿಂದ ತೆಂಗಿನ ಮರ ಆಯ್ತಾ? ತೆಂಗಿನ ಮರ ಆಗಿದ್ದರಿಂದ ಕಾಯಿ ಬಿಡ್ತು. ಲೂಥರ್ ಹೇಳಿದ್ದೂ ಇಂಥದ್ದೇ. ಒಳ್ಳೇ ಕೆಲಸ ಮನುಷ್ಯನನ್ನ ಒಳ್ಳೆಯವನನ್ನಾಗಿ ಮಾಡಲ್ಲ. ಕೃಪೆ ಮೊದಲು ಮರ ಮಾಡುತ್ತೆ. ಆಮೇಲೆ ಕಾಯಿ ಬಿಡು ಅಂತ ಅದಕ್ಕೆ ಯಾರೂ ಹೇಳ್ಬೇಕಾಗಿಲ್ಲ."

ನಾನು ಸಸ್ಯಶಾಸ್ತ್ರದ ಮೇಷ್ಟ್ರು. ಅಭ್ಯಾಸಬಲದಿಂದ ಆ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಮಹಾದೇವಯ್ಯ ನಿಂತಲ್ಲೇ ಚಪ್ಪಾಳೆ ತಟ್ಟಿದರು, ಆಮೇಲೆ ಇಡೀ ಸಭೆ.

ಅಮ್ಮ ಹೋಳುಗಳನ್ನು ತಂದು ಮಹಾದೇವಯ್ಯನವರ ಕೈಗಿಟ್ಟಳು. "ಚಟ್ನಿ ಮಾಡುಸ್ಕಳಿ. ಮೊಮ್ಮಗಳು ಕೇಳುದ್ರೆ ಹೇಳಿ, ಕಾಯೂ ಕಡಬದ್ದೇ, ಮೇಡಮ್ಮೂ ಕಡಬದೋರೇ ಅಂತ."